ಅದೇ ಲೈಸೆನ್ಸು, ಎರಡರಷ್ಟು ಸಾಲ

ಅಮೆರಿಕದಲ್ಲಿ ಹಲ್ಲಿನ ಡಾಕ್ಟರಾಗಿ ಕೆಲಸ ಮಾಡಲು ಶುರುಮಾಡಿದ ಮೇಲೆ, ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ ಯಾವ ಪೇಷೆಂಟೂ ನೀವು ಓದಿದ್ದು ಯಾವ ಕಾಲೇಜಿನಲ್ಲಿ ಎಂದು ನನ್ನನ್ನು ಕೇಳಿದ್ದಿಲ್ಲ. ನೋವಾಗುತ್ತಾ ಅಂತಾರೆ, ಇನ್ಶೂರೆನ್ಸ್ ಎಷ್ಟು ಕೊಡುತ್ತೆ ಅಂತಾರೆ, ಇವತ್ತೇ ಮಾಡಿಸಲೇಬೇಕಾ ಅಂತಾರೆ. ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟಿನ ಕಡೆ ಅವರ ಕಣ್ಣು ಹೋಗುವುದು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನಾನು ಆಚೆ ಹೋದಾಗ, ನೋಡಲು ಬೇರೇನೂ ಇಲ್ಲದಿದ್ದರೆ ಮಾತ್ರ.

ಈಗ ಈ ಮಾತು ಯಾಕೆಂದರೆ, ಟೆಕ್ಸಸ್‌ನಲ್ಲಿರುವ ನನ್ನ ಅಕ್ಕನ ಮಗಳಿಗೆ ಈ ಸಲ ಎರಡು ಡೆಂಟಲ್ ಸ್ಕೂಲುಗಳಲ್ಲಿ ಸೀಟು ಸಿಕ್ಕಿತು. ಒಂದು ಅವರದೇ ರಾಜ್ಯದ ಸರ್ಕಾರಿ ಕಾಲೇಜು, ಮನೆಯಿಂದ ಕಾರಿನಲ್ಲಿ ನಾಲ್ಕು ತಾಸಿನ ದಾರಿ. ಇನ್ನೊಂದು ದೂರದ ಬೇರೆ ರಾಜ್ಯದ ದೊಡ್ಡ ವಿಶ್ವವಿದ್ಯಾಲಯದ್ದು. ಅದೂ ಸರ್ಕಾರಿಯೇ, ಆದರೆ ಹೊರಗಿನವರಿಗೆ ಹೊರಗಿನವರ ಫೀಸು. ಅವಳ ಮನಸ್ಸು ಎರಡನೆಯದರ ಮೇಲಿತ್ತು. ಭಾವನ ಮನಸ್ಸೂ ಅದರ ಮೇಲೇ. ಯುಗಾದಿಗೆ ಕನ್ನಡ ಸಂಘದಲ್ಲಿ ಸೇರಿದಾಗ ಆ ಹೆಸರು ಹೇಳಿದರೆ ಯಾರೂ 'ಅದೆಲ್ಲಿದೆ' ಎಂದು ಕೇಳುವುದಿಲ್ಲ, ಅಷ್ಟಂತೂ ನಿಜ. ಅಕ್ಕ ಮಾತ್ರ ನನಗೆ ಫೋನ್ ಮಾಡಿ, "ನೀನೇ ಆ ಲೈನಿನಲ್ಲಿ ಇರೋಳು, ಸ್ವಲ್ಪ ಮಾತಾಡು" ಅಂದಳು.

ನಮ್ಮಮ್ಮನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ, ಆದರೂ ಬಂತು. "ದಾವಣಗೆರೇಲೇ ಎರಡೆರಡು ಡೆಂಟಲ್ ಕಾಲೇಜಿವೆ, ಅಲ್ಲಿ ಓದಿಸೋಕೆ ಏನು ರೋಗ?" ಅಮ್ಮನಿಗೆ ಗೊತ್ತಿಲ್ಲವೆಂದಲ್ಲ, ನಾನು ಅದೇ ದಾರಿಯಲ್ಲಿ ಬಂದವಳು. ಅಲ್ಲಿ ಬಿಡಿಎಸ್ ಮುಗಿಸಿ ಬಂದವರು ಇಲ್ಲಿ ಮತ್ತೆ ಎರಡು ಮೂರು ವರ್ಷ ಅಡ್ವಾನ್ಸ್‌ಡ್ ಸ್ಟ್ಯಾಂಡಿಂಗ್ ಅಂತ ಓದಬೇಕು. ಅದರ ಫೀಸು ಕೇಳಿದರೆ ಅಮ್ಮ ಅವತ್ತು ಊಟ ಬಿಡುತ್ತಾರೆ. ಇಲ್ಲೇ ಹುಟ್ಟಿ, ನಾಲ್ಕು ವರ್ಷ ಡಿಗ್ರಿ ಮಾಡಿ, ಡೆಂಟಲ್ ಸ್ಕೂಲಿನ ಪ್ರವೇಶಕ್ಕಿರುವ ಡ್ಯಾಟ್ ಪರೀಕ್ಷೆ ಬರೆದು ಸೀಟು ಗಿಟ್ಟಿಸಿದ ಹುಡುಗಿಗೆ ಆ ಸುತ್ತುದಾರಿಯ ಅಗತ್ಯವಿಲ್ಲ.

ಊರಿನ ಓದುಗರಿಗಾಗಿ ಒಂದು ಮಾತು. ನಮ್ಮಲ್ಲಿ ಫೀಸು ನಿರ್ಧಾರವಾಗುವುದು ರ‍್ಯಾಂಕಿನ ಮೇಲೆ, ಸರ್ಕಾರಿ ಸೀಟೋ ಮ್ಯಾನೇಜ್‌ಮೆಂಟ್ ಸೀಟೋ ಎಂಬುದರ ಮೇಲೆ. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅದು ನೀವು ಯಾವ ರಾಜ್ಯದ ನಿವಾಸಿ ಎಂಬುದರ ಮೇಲೆ. ರಾಜ್ಯದ ಬೊಕ್ಕಸದಿಂದ ಕಾಲೇಜಿಗೆ ಹಣ ಬರುತ್ತದೆ, ಹಾಗಾಗಿ ಆ ರಾಜ್ಯದ ಮಕ್ಕಳಿಗೆ ರಿಯಾಯಿತಿ. ನಾರ್ತ್ ಕೆರೊಲಿನಾದ ಈಸ್ಟ್ ಕೆರೊಲಿನಾ ವಿಶ್ವವಿದ್ಯಾಲಯದ ಡೆಂಟಲ್ ಸ್ಕೂಲಂತೂ ಹೊರ ರಾಜ್ಯದವರನ್ನು ಸೇರಿಸಿಕೊಳ್ಳುವುದೇ ಇಲ್ಲ. ಇನ್ನೊಂದು ಕಡೆ ಮೊಂಟಾನಾ, ವಯೋಮಿಂಗ್, ಅಲಾಸ್ಕಾದಂಥ ರಾಜ್ಯಗಳಲ್ಲಿ ಡೆಂಟಲ್ ಸ್ಕೂಲೇ ಇಲ್ಲ. ಅಲ್ಲಿಯ ಮಕ್ಕಳಿಗೆ ಈ ಇಡೀ ಚರ್ಚೆ ದುಬಾರಿ ಹರಟೆ. ಟೆಕ್ಸಸ್‌ನವರ ಅದೃಷ್ಟ ಬೇರೆ: ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ, ಡಾಲಸ್, ಎಲ್ ಪಾಸೊ, ಹೀಗೆ ನಾಲ್ಕು ಊರುಗಳಲ್ಲಿ ಸರ್ಕಾರಿ ಡೆಂಟಲ್ ಸ್ಕೂಲುಗಳಿವೆ.

ಈಗ ಹೆಸರಿನ ವಿಷಯ. ಜಗತ್ತಿನ ಮೊದಲ ದಂತವೈದ್ಯ ಕಾಲೇಜು ಶುರುವಾದದ್ದು 1840ರಲ್ಲಿ, ಬಾಲ್ಟಿಮೋರ್‌ನಲ್ಲಿ. ಡಿಡಿಎಸ್ (ಡಾಕ್ಟರ್ ಆಫ್ ಡೆಂಟಲ್ ಸರ್ಜರಿ) ಪದವಿ ಅಲ್ಲಿಯದು. 1867ರಲ್ಲಿ ಹಾರ್ವರ್ಡ್ ತನ್ನ ಡೆಂಟಲ್ ಸ್ಕೂಲು ತೆರೆದಾಗ, ತನ್ನ ಲ್ಯಾಟಿನ್ ಸಂಪ್ರದಾಯಕ್ಕೆ ಒಪ್ಪುವಂತೆ ಡಿಎಂಡಿ ಎಂಬ ಹೆಸರಿಟ್ಟುಕೊಂಡಿತು. ಇಂದಿಗೂ ಕೆಲವು ಕಾಲೇಜು ಒಂದನ್ನು, ಕೆಲವು ಇನ್ನೊಂದನ್ನು ಕೊಡುತ್ತವೆ. ಓದು ಅದೇ, ಅಧಿಕಾರ ಅದೇ. ಎಲ್ಲ ಕಾಲೇಜುಗಳನ್ನೂ ತೂಗಿ ಮಾನ್ಯತೆ ಕೊಡುವುದು ಕೋಡಾ ಎಂಬ ಒಂದೇ ಸಂಸ್ಥೆ. ಎಲ್ಲರೂ ಬರೆಯುವುದು ಐಎನ್‌ಬಿಡಿಇ ಎಂಬ ಒಂದೇ ರಾಷ್ಟ್ರೀಯ ಪರೀಕ್ಷೆ: ಎರಡು ದಿನ, 500 ಪ್ರಶ್ನೆ, ಫಲಿತಾಂಶ ಪಾಸು ಅಥವಾ ಫೇಲು, ಅಷ್ಟೇ. ಅಂಕವೇ ಇಲ್ಲದ ಪರೀಕ್ಷೆಯಲ್ಲಿ ಯಾರೂ ಯಾರಿಗಿಂತ ಮೇಲೆ ಕೂರಲಾರರು. ಅದರ ಜೊತೆಗೆ ಹೆಚ್ಚಿನ ರಾಜ್ಯಗಳಲ್ಲಿ ಕೈಕೆಲಸದ ಪರೀಕ್ಷೆ, ಆಮೇಲೆ ರಾಜ್ಯದ ಲೈಸೆನ್ಸು. ಲೈಸೆನ್ಸಿನ ಮೇಲೆ ಕಾಲೇಜಿನ ಹೆಸರು ಅಚ್ಚಾಗಿರುವುದಿಲ್ಲ.

ಇಷ್ಟು ಹೇಳಿದ್ದಕ್ಕೆ ಭಾವ, "ಅದು ಸರಿ, ಆದ್ರೆ ಸಾಲ ಸಿಗುತ್ತಲ್ಲಾ, ಡಾಕ್ಟರಾದ್ಮೇಲೆ ತೀರಿಸ್ತಾಳೆ" ಅಂದರು. ಎರಡು ವರ್ಷದ ಹಿಂದಾಗಿದ್ದರೆ ಈ ಮಾತಿಗೆ ಬೇರೆ ಉತ್ತರ ಕೊಡುತ್ತಿದ್ದೆ. ಆಗ ಗ್ರಾಡ್ ಪ್ಲಸ್ ಎಂಬ ಕೇಂದ್ರ ಸರ್ಕಾರದ ಸಾಲವಿತ್ತು. ಕಾಲೇಜು ಹೇಳಿದ ಒಟ್ಟು ಖರ್ಚಿನವರೆಗೆ ವಿದ್ಯಾರ್ಥಿಯ ಹೆಸರಲ್ಲೇ ಸಿಗುತ್ತಿತ್ತು, ಸಾಮಾನ್ಯವಾಗಿ ಅಪ್ಪ ಅಮ್ಮ ಸಹಿ ಹಾಕುವ ಪ್ರಮೇಯ ಇರಲಿಲ್ಲ. 2025ರ ಜುಲೈ 4ರಂದು ಸಹಿಯಾದ ಕಾಯ್ದೆ ಅದಕ್ಕೆ ಬಾಗಿಲು ಹಾಕಿತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರಾಡ್ ಪ್ಲಸ್ ಇಲ್ಲ. ಡೆಂಟಲ್, ಮೆಡಿಕಲ್ ಥರದ ಓದಿಗೆ ಕೇಂದ್ರದಿಂದ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್. ಅದರಾಚೆಗೆ ಬೇಕಾದರೆ ಖಾಸಗಿ ಬ್ಯಾಂಕು, ಇಲ್ಲವೇ ಅಪ್ಪನ ಜೇಬು.

ನಮ್ಮ ಹುಡುಗಿ ಸೇರುವುದು 2026ರ ಬೇಸಿಗೆ ಕಳೆದ ಮೇಲೆ. ಹಾಗಾಗಿ ಈ ಮಿತಿ ನೇರ ಅವಳ ತಲೆಯ ಮೇಲೇ ಬಂದು ಕೂರುತ್ತದೆ. ಸೀನಿಯರ್‌ಗಳು 'ನಾವೆಲ್ಲ ಮಾಡಿಲ್ವಾ' ಅನ್ನುತ್ತಾರಲ್ಲ, ಅವರು ಮಾಡಿದ್ದು ಬೇರೆ ಸಾಲ.

ಒಂದು ಭಾನುವಾರ ವಿಡಿಯೋ ಕಾಲಿನಲ್ಲಿ ಕೂತು ಲೆಕ್ಕ ಹಾಕಿದೆವು. ಎರಡೂ ಕಾಲೇಜುಗಳು ಕಳಿಸಿದ ಖರ್ಚಿನ ಪಟ್ಟಿ ಎದುರಿಗಿತ್ತು. ಫೀಸು, ಉಪಕರಣ, ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲ ಸೇರಿ ಸ್ವಂತ ರಾಜ್ಯದ್ದು ವರ್ಷಕ್ಕೆ ಸುಮಾರು 62,000 ಡಾಲರ್, ಹೊರ ರಾಜ್ಯದ್ದು 1.18 ಲಕ್ಷ. ಅಕ್ಕ ಭಾವ ಎಲ್ಲಿಗೆ ಹೋದರೂ ವರ್ಷಕ್ಕೆ 12,000 ಕೊಡುತ್ತೇವೆ ಅಂದರು. ಉಳಿದದ್ದು ಸಾಲ. ಕೇಂದ್ರದ ಸಾಲಕ್ಕೆ 2025-26ರ ಬಡ್ಡಿ ಶೇ 7.94, ಲೆಕ್ಕಕ್ಕೆ ಸುಲಭವಾಗಲೆಂದು ಎಲ್ಲಕ್ಕೂ ಶೇ 8 ಹಿಡಿದೆ. ಖಾಸಗಿ ಬ್ಯಾಂಕಿಗೆ ಅದು ಉದಾರ ಊಹೆಯೂ ಆಗಬಹುದು.

ಓದುತ್ತಿರುವಾಗ ಕಂತು ಕಟ್ಟಬೇಕಿಲ್ಲ, ನಿಜ, ಆದರೆ ಬಡ್ಡಿ ಮೊದಲ ಸೆಮಿಸ್ಟರಿನಿಂದಲೇ ಓಡುತ್ತದೆ. ಇದನ್ನು ಹೇಳಿದಾಗ ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ನಾಲ್ಕು ವರ್ಷ ಮುಗಿಯುವ ಹೊತ್ತಿಗೆ ಒಂದು ಕಡೆ 2 ಲಕ್ಷದ ಸಾಲ ಸುಮಾರು 2.36 ಲಕ್ಷವಾಗಿರುತ್ತದೆ, ಇನ್ನೊಂದು ಕಡೆ 4.24 ಲಕ್ಷದ್ದು 5 ಲಕ್ಷ ಮುಟ್ಟಿರುತ್ತದೆ. ಹತ್ತು ವರ್ಷದಲ್ಲಿ ತೀರಿಸುತ್ತೇನೆಂದರೆ ಮೊದಲನೆಯದಕ್ಕೆ ತಿಂಗಳಿಗೆ 2,860 ಡಾಲರ್, ಎರಡನೆಯದಕ್ಕೆ 6,070. ಅಂತರ ತಿಂಗಳಿಗೆ 3,200 ಡಾಲರ್. ಎರಡು ಪಟ್ಟಿಗಳ ನಡುವೆ ನಾಲ್ಕು ವರ್ಷಕ್ಕೆ ಕಣ್ಣಿಗೆ ಕಾಣುವ ವ್ಯತ್ಯಾಸ 2.24 ಲಕ್ಷ. ಹತ್ತು ವರ್ಷದಲ್ಲಿ ಕೈಯಿಂದ ಹೋಗುವ ವ್ಯತ್ಯಾಸ 3.8 ಲಕ್ಷದ ಮೇಲೆ. ಅದೂ ತೆರಿಗೆ ಕಟ್ಟಿ ಉಳಿದ ದುಡ್ಡಿನಲ್ಲಿ.

ಕಂತು ಕಮ್ಮಿ ಬೇಕಾದರೆ ವರ್ಷ ಜಾಸ್ತಿ ಮಾಡಿಕೊಳ್ಳಬಹುದು. ಹೊಸ ಕಾಯ್ದೆಯಲ್ಲಿ ಆದಾಯಕ್ಕೆ ತಕ್ಕಂತೆ ಕಟ್ಟುವ ರ‍್ಯಾಪ್ ಎಂಬ ಯೋಜನೆಯಿದೆ, 30 ವರ್ಷ ಕಟ್ಟಿದ ಮೇಲೆ ಉಳಿದದ್ದು ಮನ್ನಾ. ಆದರೆ ಅದು ಕೇಂದ್ರದ ಸಾಲಕ್ಕೆ ಮಾತ್ರ. ಖಾಸಗಿ ಬ್ಯಾಂಕಿಗೆ ನಿಮ್ಮ ಆದಾಯ ಏನೆಂಬುದು ಸಾಲ ಕೊಡುವಾಗ ಮಾತ್ರ ಮುಖ್ಯ.

ಇಷ್ಟರವರೆಗಿನದನ್ನು ಯಾವ ಕ್ಯಾಲ್ಕುಲೇಟರ್ ಬೇಕಾದರೂ ಹೇಳುತ್ತದೆ. ನಾನು ಹೇಳಬೇಕೆಂದಿದ್ದು ಕ್ಲಿನಿಕ್ಕಿನ ಒಳಗಿನದು.

ಹೊಸದಾಗಿ ಪಾಸಾದವರಲ್ಲಿ ಬಹಳ ಮಂದಿ ಮೊದಲು ಹೋಗುವುದು ಕಾರ್ಪೊರೇಟ್ ಕ್ಲಿನಿಕ್ಕುಗಳಿಗೆ. ನಾನೂ ಅಂಥ ಒಂದರಲ್ಲಿದ್ದೆ. ಸಂಬಳ ಅಂದರೆ ದಿನಕ್ಕೆ ಇಂತಿಷ್ಟು ಖಾತ್ರಿ, ಅದನ್ನು ಮೀರಿದರೆ ಮಾಡಿದ ಕೆಲಸದಲ್ಲಿ ಪಾಲು. ಬೆಳಿಗ್ಗೆ ಮೊದಲ ಪೇಷೆಂಟ್ ಬರುವ ಮುಂಚೆ ಎಲ್ಲರೂ ನಿಂತು ಒಂದು ಹತ್ತು ನಿಮಿಷದ ಮೀಟಿಂಗು. ಮ್ಯಾನೇಜರ್ ಕೈಯಲ್ಲಿ ಒಂದು ಹಾಳೆ: ಈ ತಿಂಗಳ ಗುರಿ, ನಿನ್ನೆ ಆದದ್ದು, ಇವತ್ತು ಆಗಬೇಕಾದದ್ದು. ಡಾಕ್ಟರ ಹೆಸರಿನ ಮುಂದೆ ಡಾಲರಿನ ಅಂಕಿ. ಬಯ್ಯುವವರು ಯಾರೂ ಇಲ್ಲ, ಎಲ್ಲರೂ ನಗುನಗುತ್ತಲೇ ಮಾತಾಡುತ್ತಾರೆ.

ಆಮೇಲೆ ಒಂಬತ್ತೂವರೆಗೆ ಒಬ್ಬರು ಬರುತ್ತಾರೆ. ಕೆಳದವಡೆಯ ಹಲ್ಲಿನಲ್ಲಿ ಇಪ್ಪತ್ತು ವರ್ಷದ ಬೆಳ್ಳಿ ಫಿಲ್ಲಿಂಗ್. ಅದರ ಅಂಚಿನಿಂದ ಹಲ್ಲಿನ ಗೋಡೆಯ ಮೇಲೆ ಕೂದಲೆಳೆಯಂಥ ಒಂದು ಗೆರೆ. ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಟಿವಿಯ ಮೇಲೆ ತೋರಿಸಿದರೆ ಒಣಗಿದ ಕೆರೆಯ ಬಿರುಕಿನಂತೆ ಕಾಣುತ್ತದೆ, ಪೇಷೆಂಟ್ ಹೆದರುವಷ್ಟು. ಐಸ್ ಮುಟ್ಟಿಸಿದರೆ ಜುಮ್ಮೆನ್ನುವುದು ಪಕ್ಕದ ಹಲ್ಲಿನಷ್ಟೇ. ಪ್ಲಾಸ್ಟಿಕ್ ಕಡ್ಡಿ ಕಚ್ಚಿಸಿದರೆ ನೋವಿಲ್ಲ. ಇದಕ್ಕೆ ಕ್ಯಾಪ್ ಹಾಕಬಹುದು. ಫೋಟೋ ತೆಗೆದಿಟ್ಟು, ಆರು ತಿಂಗಳು ಬಿಟ್ಟು ನೋಡೋಣ ಅನ್ನಲೂಬಹುದು. ಪುಸ್ತಕ ಎರಡನ್ನೂ ಒಪ್ಪುತ್ತದೆ, ಪಕ್ಕದ ರೂಮಿನ ಡಾಕ್ಟರೂ ಎರಡನ್ನೂ ಒಪ್ಪುತ್ತಾರೆ. ಕ್ಯಾಪ್ ಹಾಕಿದರೆ ಆ ಹಾಳೆಯಲ್ಲಿ ನಿಮ್ಮ ಅಂಕಿ ಏರುತ್ತದೆ. ಕಾಯೋಣ ಅಂದರೆ ಆ ಗಂಟೆ ಸೊನ್ನೆ.

ತಿಂಗಳಿಗೆ 2,860 ಕಟ್ಟುವವಳೂ ದೇವತೆಯಲ್ಲ, 6,070 ಕಟ್ಟುವವಳೂ ಕಳ್ಳಿಯಲ್ಲ. ಆದರೆ ಇಂಥ ಹಲ್ಲು ವಾರಕ್ಕೆ ಹತ್ತು ಬರುತ್ತವೆ. ಎರಡೂ ಸರಿ ಎನ್ನುವ ಜಾಗದಲ್ಲಿ ಕೈ ಯಾವ ಕಡೆ ವಾಲುತ್ತದೆ ಎನ್ನುವುದನ್ನು ಪ್ರತಿ ಸಲವೂ ಮನಸ್ಸು ಮುಂಚಿತವಾಗಿ ಹೇಳಿ ತೀರ್ಮಾನಿಸುವುದಿಲ್ಲ. ದೊಡ್ಡ ಕಂತಿನ ಗೆಳತಿಯೊಬ್ಬಳು ಸೋಮವಾರದಿಂದ ಶನಿವಾರದವರೆಗೆ ಎರಡು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದಳು, ಮ್ಯಾನೇಜರ್ ಜೊತೆ ಆಗದಿದ್ದರೂ ಬಿಡುವಂತಿರಲಿಲ್ಲ. ನಾನು ಬಿಟ್ಟೆ. ಈಗಿರುವುದು ಕಡಿಮೆ ಆದಾಯದವರಿಗಾಗಿ ನಡೆಯುವ ಸಮುದಾಯ ಆರೋಗ್ಯ ಕೇಂದ್ರದಲ್ಲಿ. ಸಂಬಳ ಕಡಿಮೆ, ಬೆಳಗಿನ ಹಾಳೆ ಇಲ್ಲ. ನನ್ನ ಕಂತು ಅದಕ್ಕೆ ಅವಕಾಶ ಕೊಟ್ಟಿತು. ಅಗ್ಗದ ಕಾಲೇಜು ಕೊಡುವುದು ಇದನ್ನು ಎಂದು ಹುಡುಗಿಗೆ ಹೇಳಿದೆ: ಮೊದಲ ಕೆಲಸ ಬಿಡುವ ಸ್ವಾತಂತ್ರ್ಯ, ಕೂದಲೆಳೆಯ ಗೆರೆಗೆ ಆರು ತಿಂಗಳು ಕಾಯುವ ಸ್ವಾತಂತ್ರ್ಯ. ಬೇಕಾದರೆ ಮೂವತ್ತೈದರೊಳಗೆ ಸಣ್ಣ ಊರಿನಲ್ಲಿ ಒಂದು ಕ್ಲಿನಿಕ್ ಕೊಳ್ಳಲು ಬ್ಯಾಂಕಿನ ಎದುರು ಧೈರ್ಯವಾಗಿ ಕೂರುವ ಮುಖ.

ಅವಳು ಕೇಳಿಸಿಕೊಂಡಳು. ಕೇಳಿಸಿಕೊಂಡು, "ಆದ್ರೆ ಚಿಕ್ಕಮ್ಮ, ನಾನು ಆರ್ಥೊ ಮಾಡ್ಬೇಕು ಅಂದ್ರೆ?" ಅಂದಳು.

ಇದು ನ್ಯಾಯವಾದ ಪ್ರಶ್ನೆ. ಹೆಸರಿಗೆ ಏನಾದರೂ ಬೆಲೆಯಿದ್ದರೆ ಅದು ಇಲ್ಲಿ. ಹಲ್ಲಿಗೆ ಕ್ಲಿಪ್ ಹಾಕುವ ಆರ್ಥೊ, ದವಡೆಯ ಆಪರೇಷನ್ ಮಾಡುವ ಓರಲ್ ಸರ್ಜರಿ, ಇವಕ್ಕೆಲ್ಲ ಡೆಂಟಲ್ ಸ್ಕೂಲಾದ ಮೇಲೆ ಮತ್ತೆ ಪೈಪೋಟಿಯಿದೆ. ರಾಷ್ಟ್ರೀಯ ಪರೀಕ್ಷೆಯಲ್ಲಿ ಅಂಕವಿಲ್ಲದ ಕಾರಣ ತರಗತಿಯ ರ‍್ಯಾಂಕು, ಸಂಶೋಧನೆ, ಪ್ರೊಫೆಸರುಗಳ ಪತ್ರ ತೂಗುತ್ತವೆ. ಓರಲ್ ಸರ್ಜರಿಗಾದರೆ ಸಿಬಿಎಸ್ಇ ಎಂಬ ಬೇರೆಯದೇ ಪರೀಕ್ಷೆಯ ಅಂಕ (ನಮ್ಮ ಶಾಲೆಗಳ ಸಿಬಿಎಸ್ಇ ಅಲ್ಲ, ಅಮ್ಮ ಗಾಬರಿಯಾಗಬೇಡಿ). ಹಾರ್ವರ್ಡ್‌ನಂಥ ಕೆಲವು ಕಡೆ ಗ್ರೇಡೇ ಇಲ್ಲ, ಬರೀ ಪಾಸು ಫೇಲು. ಅಲ್ಲಿ ರ‍್ಯಾಂಕಿನ ಕಾಟವಿಲ್ಲದೆ ಹೆಸರು ಕೆಲಸ ಮಾಡುತ್ತದೆ. ಅವಳಿಗೆ ಸಿಕ್ಕ ದುಬಾರಿ ಕಾಲೇಜು ಆ ಜಾತಿಯದಲ್ಲ, ಅಲ್ಲೂ ರ‍್ಯಾಂಕು ಇದೆ. ಹೆಸರುವಾಸಿ ಕಡೆ ನಲವತ್ತನೆಯವಳಾಗುವುದಕ್ಕಿಂತ ಮನೆಯ ಹತ್ತಿರ ಐದನೆಯವಳಾಗುವುದು ಆರ್ಥೊಗೆ ಒಳ್ಳೆಯದು ಎಂಬುದು ನನ್ನ ಲೆಕ್ಕ. ಸಾಲದ ಮಾತಿಗೆ ಬಂದರೆ, ಆರ್ಥೊ ಕಲಿಸುವ ಹಲವು ಕಡೆ ಮತ್ತೆ ಎರಡು ಮೂರು ವರ್ಷ ಫೀಸು ಕಟ್ಟಬೇಕು, ಆಗಲೂ ಹಳೆಯ ಸಾಲದ ಬಡ್ಡಿ ಮಲಗಿರುವುದಿಲ್ಲ. ಸ್ಪೆಷಲಿಸ್ಟ್ ಆಗುವ ಆಸೆ ಇದ್ದವರು ಮೊದಲ ನಾಲ್ಕು ವರ್ಷವನ್ನು ಇನ್ನಷ್ಟು ಅಗ್ಗವಾಗಿ ಮುಗಿಸಬೇಕು.

ಇನ್ನೊಂದು ವಾದ ಅವಳು ಸ್ನೇಹಿತರಿಂದ ಹೊತ್ತು ತಂದಿದ್ದು: ಒಂದು ವರ್ಷ ಅಲ್ಲಿದ್ದರೆ ನಾನೂ ಆ ರಾಜ್ಯದವಳಾಗುತ್ತೇನೆ, ಫೀಸು ಇಳಿಯುತ್ತದೆ. ಕೆಲವು ರಾಜ್ಯಗಳಲ್ಲಿ ಇದು ನಡೆಯುತ್ತದೆ. ಹಲವು ರಾಜ್ಯಗಳಲ್ಲಿ ಓದಲೆಂದೇ ಬಂದವರು ಎಷ್ಟು ವರ್ಷವಿದ್ದರೂ ಹೊರಗಿನವರೇ, ಡ್ರೈವಿಂಗ್ ಲೈಸೆನ್ಸ್ ಬದಲಿಸಿ, ವೋಟು ಹಾಕಿದರೂ. ಇದನ್ನು ಸೀನಿಯರ್ ವಾಟ್ಸ್ಯಾಪ್ ಮೆಸೇಜಿನಲ್ಲಲ್ಲ, ರಿಜಿಸ್ಟ್ರಾರ್ ಕಚೇರಿಯ ಇಮೇಲಿನಲ್ಲಿ ಕೇಳು ಅಂದೆ. ಕೇಳಿದಳು. ಆಗುವುದಿಲ್ಲ ಎಂದು ಎರಡೇ ಸಾಲಿನಲ್ಲಿ ಉತ್ತರ ಬಂತು. ಆಗುತ್ತದೆ ಎಂದು ಬಂದಿದ್ದರೆ ಈ ಬರಹದ ಅರ್ಧ ನಾನೇ ಅಳಿಸಬೇಕಾಗುತ್ತಿತ್ತು.

ಕಾಲೇಜುಗಳು ಸಂದರ್ಶನದ ದಿನ ತೋರಿಸುವುದು ಹೊಸ ಕಟ್ಟಡ, ಸ್ಕ್ಯಾನರು, ಕ್ಯಾಪನ್ನು ಕಣ್ಣೆದುರೇ ಕೊರೆದು ಕೊಡುವ ಯಂತ್ರ. ನಾನು ಕೇಳು ಅಂದದ್ದು ಬೇರೆ. ಮೂರನೆಯ ವರ್ಷದಲ್ಲಿ ಪೇಷೆಂಟುಗಳನ್ನು ಕಾಲೇಜೇ ಒದಗಿಸುತ್ತದೋ, ವಿದ್ಯಾರ್ಥಿಯೇ ಫೋನ್ ಹಿಡಿದು ಹುಡುಕಬೇಕೋ? ಪಾಸಾಗುವ ಹೊತ್ತಿಗೆ ಸಾಧಾರಣ ವಿದ್ಯಾರ್ಥಿ ಎಷ್ಟು ಕ್ಯಾಪ್, ಎಷ್ಟು ರೂಟ್ ಕೆನಾಲ್ ಮುಗಿಸಿರುತ್ತಾನೆ? ಕಷ್ಟದ ಕೇಸುಗಳು ಯಾರಿಗೆ ಹೋಗುತ್ತವೆ? ದೊಡ್ಡ ಕಾಲೇಜಿನಲ್ಲಿ ಎಲ್ಲ ವಿಭಾಗಕ್ಕೂ ರೆಸಿಡೆಂಟುಗಳಿರುತ್ತಾರೆ, ಅಂದರೆ ಡಿಗ್ರಿ ಮುಗಿಸಿ ಸ್ಪೆಷಲಿಸ್ಟ್ ಆಗಲು ಓದುತ್ತಿರುವವರು. ದವಡೆಹಲ್ಲಿನ ರೂಟ್ ಕೆನಾಲ್ ಬಂದರೆ ಅದು ಅವರ ಪಾಲು, ಡಿಗ್ರಿಯವರಿಗೆ ಮುಂದಿನ ಒಂಟಿ ಬೇರಿನ ಹಲ್ಲು. ಇದನ್ನು ಟೂರ್ ಮಾಡಿಸುವವರು ಹೇಳುವುದಿಲ್ಲ, ನಾಲ್ಕನೆಯ ವರ್ಷದವರು ಬಾಯಿ ಬಿಟ್ಟು ಹೇಳುತ್ತಾರೆ. ಎರಡೂ ಕಡೆಯ ಸೀನಿಯರ್‌ಗಳನ್ನು ಹುಡುಕಿ ಮಾತಾಡಿದಳು. ಈ ಒಂದು ವಿಷಯದಲ್ಲಿ ಅವಳ ರಾಜ್ಯದ ಕಾಲೇಜೇ ಮುಂದಿತ್ತು. ಸುತ್ತಲ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಪೇಷೆಂಟುಗಳು ಅಲ್ಲಿ ಕ್ಯೂ ನಿಂತಿರುತ್ತಾರಂತೆ. ಹೆಸರುವಾಸಿ ಕಡೆಯ ಹುಡುಗಿ, ಕೊನೆಯ ಒಂದು ಕ್ಯಾಪಿಗಾಗಿ ತನ್ನ ಚಿಕ್ಕಪ್ಪನನ್ನೇ ವಿಮಾನದಲ್ಲಿ ಕರೆಸಿಕೊಂಡೆ ಎಂದು ನಗುತ್ತ ಹೇಳಿದಳಂತೆ.

ಖುಷಿಯ ಪ್ರಶ್ನೆಯೂ ಇತ್ತು. "ಆ ಊರು ನಂಗಿಷ್ಟ ಚಿಕ್ಕಮ್ಮ, ಅದಕ್ಕೆ ಬೆಲೆ ಇಲ್ವಾ?" ಇದೆ. ಇಪ್ಪತ್ತೆರಡರಿಂದ ಇಪ್ಪತ್ತಾರರವರೆಗಿನ ನಾಲ್ಕು ವರ್ಷ, ಬೆಳಿಗ್ಗೆ ಎಂಟಕ್ಕೆ ಪ್ಲಾಸ್ಟಿಕ್ ಹಲ್ಲು ಕೊರೆಯುತ್ತ ಶುರುವಾಗುವ ದಿನಗಳು, ಮನಸ್ಸಿಗೆ ಒಪ್ಪದ ಊರಿನಲ್ಲಿ ಕಳೆಯುವುದು ಸುಲಭವಲ್ಲ. ಮನೆಯ ಹತ್ತಿರ ಇರುವುದೇ ಉಸಿರುಕಟ್ಟಿಸುವ ಮನೆಗಳೂ ಇವೆ, ಅಂಥ ಮಕ್ಕಳಿಗೆ ನಾನು ಸಾಲ ಮಾಡಿಯಾದರೂ ಹೋಗು ಅನ್ನುತ್ತೇನೆ. ಮದುವೆಯಾಗುವ ಹುಡುಗ ಆ ಊರಿನಲ್ಲಿದ್ದರೂ ಲೆಕ್ಕ ಬೇರೆ. ನಮ್ಮ ಹುಡುಗಿಗೆ ಇವೆರಡೂ ಇಲ್ಲ. ಊರು ಇಷ್ಟವಾದರೆ ಪಾಸಾದ ಮೇಲೆ ಅಲ್ಲಿಯ ಲೈಸೆನ್ಸ್ ತೆಗೆದುಕೊಂಡು ಸಂಬಳ ಎಣಿಸುತ್ತ ಅಲ್ಲೇ ಇರಲಿ.

ಸೈನ್ಯದ ಸ್ಕಾಲರ್‌ಶಿಪ್ಪಿನ ಮಾತನ್ನೂ ಎತ್ತಿದೆ. ಫೀಸೆಲ್ಲ ಅವರದೇ, ತಿಂಗಳ ಖರ್ಚಿಗೂ ಕೊಡುತ್ತಾರೆ, ಬದಲಿಗೆ ಓದು ಮುಗಿದ ಮೇಲೆ ಕೆಲವು ವರ್ಷ ಸೇನೆಯಲ್ಲಿ ದಂತವೈದ್ಯಳಾಗಿ ದುಡಿಯಬೇಕು. ಆಗ ದುಬಾರಿ ಕಾಲೇಜೂ ಅಗ್ಗದ ಕಾಲೇಜೂ ಒಂದೇ. ಅಕ್ಕ ಪರದೆಯಿಂದ ಎದ್ದು ಒಳಗೆ ಹೋದಳು. ಆ ವಿಷಯ ಅಲ್ಲಿಗೆ ನಿಂತಿತು.

ಕೊನೆಗೆ ಭಾವ ಒಂದು ದಾರಿ ಹೇಳಿದರು: ಮನೆಯ ಮೇಲೆ ಸಾಲ ತೆಗೆದು ಖಾಸಗಿ ಬ್ಯಾಂಕಿನ ಪಾಲನ್ನು ತಾವೇ ತುಂಬುವುದು. ಅವರಿಗೀಗ ಐವತ್ತೇಳು, ಐಟಿ ಕೆಲಸ. ಮಗಳ ಮುಂದೆ ಆಡಲಿಲ್ಲ, ಮರುದಿನ ಬೇರೆ ಫೋನ್ ಮಾಡಿ ಹೇಳಿದೆ. ಕೇಂದ್ರದ ಸಾಲ, ಸಾಲ ಮಾಡಿದವಳಿಗೆ ಏನಾದರೂ ಆದರೆ ಅವಳೊಂದಿಗೇ ಮುಗಿಯುತ್ತದೆ. ಮನೆ ಅಡವಿಟ್ಟ ಸಾಲ ನಿಮ್ಮ ಕೆಲಸ ಹೋದ ತಿಂಗಳೂ ಕಂತು ಕೇಳುತ್ತದೆ. ಅವಳು ತೀರಿಸುತ್ತಾಳೆ, ಅನುಮಾನ ಬೇಡ, ಆದರೆ ಅಪ್ಪನ ಮನೆ ಅಡವಿದೆ ಅಂತ ಗೊತ್ತಿರುವ ಮಗಳು ಆ ಬೆಳಗಿನ ಹಾಳೆಯ ಎದುರು ಹೇಗೆ ನಿಲ್ಲುತ್ತಾಳೆ ಯೋಚಿಸಿ ಅಂದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಕ್ಕನೂ ಇದನ್ನೇ ಅಂದ್ಲು, ಸ್ವಲ್ಪ ಜೋರಾಗಿ" ಅಂದರು.

ಡೆಪಾಸಿಟ್ ಕಟ್ಟಿದ್ದು ಸ್ವಂತ ರಾಜ್ಯದ ಕಾಲೇಜಿಗೆ. ನನ್ನ ಮಾತಿಗೆ ಅಂತ ನಾನು ಹೇಳಿಕೊಳ್ಳುವುದಿಲ್ಲ, ಆ ರಿಜಿಸ್ಟ್ರಾರ್‌ನ ಎರಡು ಸಾಲಿಗೇ ಹೆಚ್ಚು ಪಾಲು ಸೇರಬೇಕು. ಅವಳಿಗೆ ಇನ್ನೂ ಸ್ವಲ್ಪ ಸಿಟ್ಟಿದೆ, ಇರಲಿ. ಈಗಿನ ಜಗಳ ಬಾಡಿಗೆ ಮನೆಯದು: ಒಬ್ಬಳೇ ಇರಬೇಕಂತೆ, ರೂಮ್‌ಮೇಟ್ ಬೇಡವಂತೆ. ಅದರ ಬಗ್ಗೆ ನನ್ನನ್ನು ಯಾರೂ ಕೇಳಿಲ್ಲ. ಕೇಳಿದರೆ ಲೆಕ್ಕ ರೆಡಿ ಇದೆ.